ಅಳಿದ ಎಡೆಗಳ ಗ್ರಂಥಕ್ಕೆ ಸಂದ ಮನ್ನಣೆ: ಢೇರೆಯವರ 'ಶ್ರೀವಿಠ್ಠಲ'ವನ್ನು ಕನ್ನಡದ ಕಡೆಯಿಂದ ನೋಡಿದಾಗ

ರಾ. ಚಿಂ. ಢೇರೆಯವರ 'ಶ್ರೀವಿಠ್ಠಲ: ಏಕ ಮಹಾಸಮನ್ವಯ' ಎಂಬ ಮರಾಠಿ ಗ್ರಂಥವು ಪ್ರಕಟವಾದುದು ೧೯೮೪ರಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅದಕ್ಕೆ ಸಂದುದು ೧೯೮೭ರಲ್ಲಿ. ಇದಕ್ಕೆ ಹದಿನೇಳು ವರ್ಷಗಳ ಹಿಂದೆ, ಎಂದರೆ ೧೯೭೦ರಲ್ಲಿ, ಅದೇ ಅಕಾಡೆಮಿಯು ಕನ್ನಡದ ಪಾಲಿನ ಪ್ರಶಸ್ತಿಯನ್ನು ಶಂ. ಬಾ. ಜೋಶಿಯವರ 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ ನೀಡಿತ್ತು. ಈ ಎರಡು ಗ್ರಂಥಗಳ ಭಾಷೆ ಬೇರೆ, ವಾದದ ರೀತಿ ಬೇರೆ, ಬರೆದವರ ಮನೋಧರ್ಮವಂತೂ ತೀರ ಬೇರೆ. ಆದರೆ ಅವು ನಿಂತಿರುವ ನೆಲ ಒಂದೇ. ಭೀಮೆ, ಕೃಷ್ಣೆ, ನೀರೆಗಳ ನಡುವಣ ಬಯಲಿನಲ್ಲಿ ಕುರಿದನಗಳನ್ನು ಮೇಯಿಸಿಕೊಂಡಿದ್ದ ಜನರ ಎಡೆಗಳು, ಅವರ ದೈವಗಳು, ಆ ಎಡೆಗಳಿಗೆ ಅವರಿಟ್ಟ ಹೆಸರುಗಳು, ಇವೇ ಎರಡೂ ಗ್ರಂಥಗಳ ಮೂಲದ್ರವ್ಯ. ಒಂದೇ ಸಂಸ್ಥೆಯು ಒಂದೇ ನೆಲದ ಕುರಿತ ಎರಡು ಭಾಷೆಗಳ ಗ್ರಂಥಗಳನ್ನು ಮನ್ನಿಸಿತು. ಹಾಗೆ ಮನ್ನಿಸಿದ್ದರಿಂದ ಈ ಗ್ರಂಥಗಳು ಪರಸ್ಪರ ಹತ್ತಿರ ಬಂದವೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಈ ಬಗೆಯ ಗ್ರಂಥವನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದೇ ಮೊದಲ ತೊಡಕು. ಇದು ಇತಿಹಾಸವೇ, ಧರ್ಮಶಾಸ್ತ್ರವೇ, ಜಾನಪದವೇ, ಸಾಹಿತ್ಯ ವಿಮರ್ಶೆಯೇ? ಜೋಶಿಯವರು ತಮ್ಮ ಒಂದು ಕೃತಿಗೆ 'ಎಡೆಗಳು ಹೇಳುವ ಕಂನಾಡ ಕಥೆ' ಎಂದು ಹೆಸರಿಟ್ಟರು. 'ಎಡೆ' ಎಂಬ ಆ ಮಾತೇ ನಮಗೆ ಸಾಕು. ಇವು ಎಡೆಗಳ ಗ್ರಂಥಗಳು. ಅದರಲ್ಲಿಯೂ ಕಣ್ಣಿಗೆ ಕಾಣದಂತಾದ ಎಡೆಗಳ ಗ್ರಂಥಗಳು. ರಾಜಧಾನಿಯೊಂದು ಹಾಳಾದರೆ ಕೋಟೆಯ ಗೋಡೆಯಾದರೂ ಉಳಿಯುತ್ತದೆ. ಹುಲ್ಲುಗಾವಲು ಹಾಳಾದಾಗ ಏನೂ ಉಳಿಯುವುದಿಲ್ಲ. ಅದನ್ನು ಉಳುತ್ತಾರೆ, ಅಥವಾ ಅದರ ಮೇಲೆ ಪೇಟೆ ಕಟ್ಟುತ್ತಾರೆ. ಹಟ್ಟಿಯಿದ್ದಲ್ಲಿ ಗುಡಿ ಏಳುತ್ತದೆ, ಗುಡಿಗೆ ಸ್ಥಳಪುರಾಣ ಹುಟ್ಟುತ್ತದೆ, ಸ್ಥಳಪುರಾಣವು ಹಟ್ಟಿಯನ್ನು ಮರೆಯುತ್ತದೆ. ಉಳಿಯುವುದು ಊರ ಹೆಸರಿನ ಒಂದು ಪ್ರತ್ಯಯ, ಜಾತ್ರೆಯ ಒಂದು ಆಚರಣೆ, ದೈವದ ಮುಡಿಯಲ್ಲಿ ಅರ್ಥ ತಿಳಿಯದ ಒಂದು ಲಕ್ಷಣ. ಇಂತಹ ಅಲ್ಪ ಸಾಕ್ಷ್ಯದಿಂದ ಎಡೆಯನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸ ಈ ಇಬ್ಬರು ವಿದ್ವಾಂಸರದು.

ಢೇರೆಯವರ (೧೯೩೦-೨೦೧೬) ಪರಿಚಯವನ್ನು ಕನ್ನಡ ಓದುಗರಿಗೆ ಎರಡು ಮಾತಿನಲ್ಲಿ ಹೇಳಬಹುದು. ಪುಣೆ ಜಿಲ್ಲೆಯ ಮಾವಳ ಸೀಮೆಯಲ್ಲಿ ಹುಟ್ಟಿ, ಪುಣೆಯಲ್ಲಿಯೇ ಬಾಳಿ, ಹಸ್ತಪ್ರತಿ ಸಂಗ್ರಹ ಮತ್ತು ಗ್ರಂಥಸಂಗ್ರಹಗಳಲ್ಲಿ ಆಯುಷ್ಯ ಕಳೆದವರು ಅವರು. ಖಂಡೋಬಾ, ನಾಥಸಂಪ್ರದಾಯ, ಲಜ್ಜಾಗೌರಿ ಮುಂತಾದ ವಿಷಯಗಳ ಮೇಲೆ ಬರೆದರು. ಶರಣಸಾಹಿತ್ಯದ ಅಭ್ಯಾಸಿಗಳು ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ, ನಾಮದೇವನ ಗುರುವೆಂದು ಪ್ರಸಿದ್ಧನಾದ ವಿಸೋಬಾ ಖೇಚರನ 'ಷಟ್‌ಸ್ಥಳ' ಎಂಬ ಕೃತಿಯನ್ನು ಬೆಳಕಿಗೆ ತಂದವರೂ ಅವರೇ. ವಾರಕರಿ ಪಂಥದ ಒಬ್ಬ ಹಿರಿಯ ಸಂತನ ಗುರುಮೂಲದಲ್ಲಿ ವೀರಶೈವ ಪರಿಭಾಷೆ ಇದೆಯೆಂಬುದನ್ನು ತೋರಿಸಿದ ವ್ಯಕ್ತಿಯ ಕೈಯಿಂದ 'ಶ್ರೀವಿಠ್ಠಲ' ಬಂದುದು ಆಕಸ್ಮಿಕವೇನಲ್ಲ.

ಗ್ರಂಥದ ವಾದವನ್ನು ಸಂಗ್ರಹಿಸುವುದು ಸುಲಭ. ಅದರ ಬಲವಿರುವುದು ಮಾತ್ರ ವಿವರಗಳಲ್ಲಿ. ಪಂಢರಪುರದ ವಿಠ್ಠಲನು ಮೂಲತಃ ಪಶುಪಾಲಕರ ದೈವ. ಧನಗರ, ಗೌಳಿ, ಕುರುಬ ಜನಗಳು ಪೂಜಿಸಿದ ಆ ದೈವವು ಕಾಲಕ್ರಮದಲ್ಲಿ ವೈಷ್ಣವೀಕರಣಗೊಂಡು, ಶೈವ, ಬೌದ್ಧ, ಜೈನ ಸ್ಮೃತಿಗಳನ್ನೂ ಒಳಗೊಂಡು 'ಮಹಾಸಮನ್ವಯ'ವಾಯಿತು ಎಂಬುದು ಸಾರ. ಈ ವಾದದ ಒಂದು ಕಾಲು ಶಾಸನಗಳ ಮೇಲಿದೆ. ಪಂಢರಪುರದ ಗುಡಿಯ ಸೋಳಾಖಾಂಬಿ ಮಂಟಪದ ತೊಲೆಯ ಮೇಲಿರುವ, ಹೊಯ್ಸಳ ಸೋಮೇಶ್ವರನ ದತ್ತಿಯನ್ನು ತಿಳಿಸುವ ೧೨೩೭ರ ಶಾಸನದಲ್ಲಿ ಭೀಮರಥಿಯ ತಡಿಯ ಈ ಊರಿನ ಹೆಸರು 'ಪಂಡರಗೆ'. ಬೆಳಗಾವಿ ಸೀಮೆಯ ಬೆಂಡಿಗೇರಿಯಲ್ಲಿ ದೊರೆತ ೧೨೪೯ರ ತಾಮ್ರಪಟದಲ್ಲಿ ಅದು 'ಪೌಂಡರೀಕಕ್ಷೇತ್ರ'. ೧೨೭೦ರ ಮತ್ತೊಂದು ಶಾಸನದಲ್ಲಿ 'ಪಾಂಡುರಂಗಪುರ'. ಮೂವತ್ತಮೂರು ವರ್ಷಗಳ ಅವಧಿಯಲ್ಲಿ ಒಂದು ಊರು ಮೂರು ಹೆಸರುಗಳಿಂದ ಕಾಣಿಸಿಕೊಳ್ಳುತ್ತದೆ. ದೇವರ ಹೆಸರಿನಿಂದ ಊರಿಗೆ ಹೆಸರು ಬಂದಿತೆಂಬುದು ಭಕ್ತರ ನಂಬಿಕೆ. ಢೇರೆಯವರು ಅದನ್ನು ತಿರುಗಿಸಿ, 'ಪಂಡರಗೆ' ಎಂಬ ದೇಶಿ ಹೆಸರನ್ನೇ ಸಂಸ್ಕರಿಸಿ 'ಪಾಂಡುರಂಗ' ಎಂಬ ದೇವನಾಮವನ್ನು ಮಾಡಲಾಯಿತೆಂದರು. ಊರ ಹೆಸರು ಹಿಂದಿನದು, ದೇವರ ಹೆಸರು ಅನಂತರದ್ದು. ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ ಎಂಬುದನ್ನು ಬಲ್ಲ ಕನ್ನಡಿಗನಿಗೆ 'ಪಂಡರಗೆ'ಯ ಕೊನೆಯ 'ಗೆ' ಅಪರಿಚಿತವೆನಿಸುವುದಿಲ್ಲ.

ಇನ್ನೊಂದು ಕಾಲು ಜೀವಂತ ಆಚರಣೆಯ ಮೇಲಿದೆ. ಇಲ್ಲಿ ಢೇರೆಯವರಿಗೆ ಗುಂಥರ್ ಡೀಟ್ಸ್ ಸೋಂಥೈಮರ್ ಅವರ ಸಂಶೋಧನೆಯು ನೆರವಾಗಿದೆ. ಪುಣೆಯನ್ನು ನೆಲೆಯಾಗಿರಿಸಿಕೊಂಡು ಧನಗರರ ನಡುವೆ ತಿರುಗಾಡಿದ ಈ ಜರ್ಮನ್ ವಿದ್ವಾಂಸರ ಗ್ರಂಥವು ಬಿರೋಬಾ, ಮ್ಹಸ್ಕೋಬಾ, ಖಂಡೋಬಾ ದೈವಗಳನ್ನು ಕುರಿತು ೧೯೭೬ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದಿತ್ತು. ಕೊಲ್ಲಾಪುರ ಜಿಲ್ಲೆಯ ಪಟ್ಟಣಕೊಡೋಲಿಯಲ್ಲಿ ವಿಠ್ಠಲ ಮತ್ತು ಬೀರದೇವರು ಜೋಡಿದೈವಗಳು. ಅಲ್ಲಿ ರುಕ್ಮಿಣಿಗೆ ಪ್ರಾಧಾನ್ಯವಿಲ್ಲ; ಕುರಿಗಾಹಿಗಳ ಬೀರಪ್ಪನೇ ವಿಠ್ಠಲನ ಒಡನಾಡಿ. ಜಾತ್ರೆಯಲ್ಲಿ ಭಂಡಾರ ತೂರುತ್ತಾರೆ, ಮಳೆಬೆಳೆಗಳ ಭವಿಷ್ಯವನ್ನು ನುಡಿಯುತ್ತಾರೆ. ಮರಾಠಿಯಲ್ಲಿ ಅದಕ್ಕೆ 'ಭಾಕಣೂಕ'ವೆಂದು ಹೆಸರು. ಹೂವಿನಹಡಗಲಿಯ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕಂಡವರು ಇದನ್ನು ಬೇರೆ ದೇಶದ ಆಚರಣೆಯೆಂದು ಭಾವಿಸಲಾರರು. ಪಂಢರಪುರದಲ್ಲಿಯೇ ದಿಂಡೀರವನದಲ್ಲಿ ಮುನಿಸಿಕೊಂಡು ಕುಳಿತ ರುಕ್ಮಿಣಿಯ ಕಥೆ, ಅವಳ ಪ್ರತ್ಯೇಕ ಗುಡಿ, ಆಯುಧವಿಲ್ಲದೆ ಟೊಂಕದ ಮೇಲೆ ಕೈಯಿಟ್ಟು ನಿಂತ ದೇವರು, ನದಿಯ ಪಾತ್ರದಲ್ಲಿರುವ ಪುಂಡಲೀಕನ ಗುಡಿಯೊಳಗಿನ ಲಿಂಗ, ಇವುಗಳನ್ನೆಲ್ಲ ಅವರು ಒಂದೊಂದಾಗಿ ಬಿಡಿಸುತ್ತಾರೆ. ತಿರುಪತಿಯ ವೆಂಕಟೇಶನ ಕಥೆಯಲ್ಲಿಯೂ ಮುನಿದು ದೂರವಾದ ಪತ್ನಿಯಿರುವುದನ್ನು ಗಮನಿಸಿ ಎರಡು ಕ್ಷೇತ್ರಗಳನ್ನು ಜೊತೆಗಿರಿಸುವ ಭಾಗವು ಗ್ರಂಥದ ಅತ್ಯುತ್ತಮ ಭಾಗಗಳಲ್ಲಿ ಒಂದು. ಬಿಡಿ ಸಂಗತಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು, ತೀರ್ಮಾನಕ್ಕೆ ಅವಸರಪಡದೆ, ಓದುಗನ ಕಣ್ಣೆದುರಿನಲ್ಲಿಯೇ ಸಾದೃಶ್ಯವು ತಾನಾಗಿ ಮೂಡುವಂತೆ ಮಾಡುವ ಶಕ್ತಿ ಢೇರೆಯವರ ಗದ್ಯಕ್ಕಿದೆ.

ಮಾಢೆಯ ಮೂರ್ತಿಯ ವಿಷಯದಲ್ಲಿ ಮಾತ್ರ ಅವರು ನಿರ್ಣಯವನ್ನೇ ಹೇಳಿದರು. ಅಫಜಲಖಾನನ ದಾಳಿಯ ಭಯದಿಂದ ವಿಠ್ಠಲಮೂರ್ತಿಯನ್ನು ಸೊಲ್ಲಾಪುರ ಜಿಲ್ಲೆಯ ಮಾಢೆಗೆ ಸಾಗಿಸಿದ್ದರೆಂಬ ನೆನಪು ಅಲ್ಲಿಯದು. ಅಲ್ಲಿರುವ ವಿಗ್ರಹದ ಎದೆಯ ಮೇಲಿನ ಮಂತ್ರಾಕ್ಷರಗಳು ಸಂಸ್ಕೃತ ಮಾಹಾತ್ಮ್ಯದ ವರ್ಣನೆಗೆ ಹೊಂದುತ್ತವೆ, ಆದ್ದರಿಂದ ಆದ್ಯಮೂರ್ತಿ ಅದೇ ಎಂಬುದು ಢೇರೆಯವರ ಅಭಿಪ್ರಾಯ. ಇದು ಮಹಾರಾಷ್ಟ್ರದಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ಆಷಾಢದಲ್ಲಿ ನೂರಾರು ಮೈಲಿ ನಡೆದು ಬಂದು ಪಾದಕ್ಕೆ ತಲೆಯಿಡುವವರಿಗೆ 'ನೀವು ಮುಟ್ಟುವುದು ಮೂಲಮೂರ್ತಿಯಲ್ಲ' ಎಂದು ಹೇಳುವುದು ಲಘುವಾದ ಮಾತಲ್ಲ. ಪ್ರಸ್ತುತ ಲೇಖಕನ ದೃಷ್ಟಿಯಲ್ಲಿ ಈ ವಾದವು ಗ್ರಂಥಕ್ಕೆ ಅವಶ್ಯಕವೂ ಆಗಿರಲಿಲ್ಲ. ಮೂರ್ತಿ ಯಾವುದೇ ಇರಲಿ, ಎಡೆಯ ಕುರಿತ ವಾದ ನಿಲ್ಲುತ್ತದೆ. ಮಾಹಾತ್ಮ್ಯದ ಪಾಠವನ್ನು ನೋಡಿ ಮೂರ್ತಿಯನ್ನು ಕಡೆದಿರಬಹುದಾದ ಸಾಧ್ಯತೆಗೆ ಕೊಡಬೇಕಾದಷ್ಟು ತೂಕವನ್ನು ಅವರು ಕೊಟ್ಟಂತೆ ತೋರುವುದಿಲ್ಲ.

ಶಂ. ಬಾ. ಜೋಶಿಯವರ (೧೮೯೬-೧೯೯೧) ರೀತಿ ಬೇರೆ. ಢೇರೆ ಸಾಕ್ಷ್ಯದಿಂದ ಊಹೆಯ ಕಡೆಗೆ ನಡೆದರೆ, ಜೋಶಿ ಊಹೆಯ ಬೆಳಕಿನಲ್ಲಿ ಸಾಕ್ಷ್ಯವನ್ನು ಹುಡುಕುತ್ತಾರೆ. ಒಂದು ಶಬ್ದ ಸಿಕ್ಕರೆ ಸಾಕು, ಅವರು ಅದರ ಬೆನ್ನು ಹತ್ತಿ ಸಾವಿರ ವರ್ಷ ಹಿಂದಕ್ಕೆ ಹೋಗುತ್ತಾರೆ. ಕನ್ನಡದ 'ಹಟ್ಟಿಕಾರ', ಮರಾಠಿಯ 'ಹಟಕರ' ಎಂಬ ಹೆಸರುಗಳ ನಂಟಿನಿಂದ ಮಹಾರಾಷ್ಟ್ರದ ಆದಿಮ ಜನಸ್ತರವನ್ನೇ ಅವರು ಊಹಿಸಿದರು. ತಮ್ಮ ವಾದವನ್ನು ಮರಾಠಿಗರೇ ಓದಲಿ ಎಂದು 'ಮರ್ಹಾಟೀ ಸಂಸ್ಕೃತಿ: ಕಾಹೀ ಸಮಸ್ಯಾ' ಎಂಬ ಗ್ರಂಥವನ್ನು ಮರಾಠಿಯಲ್ಲಿಯೇ ಬರೆದರು. ಅವರ ನಿರುಕ್ತಿಗಳಲ್ಲಿ ಅನೇಕವು ಇಂದಿನ ಭಾಷಾಶಾಸ್ತ್ರದ ಕಟ್ಟುನಿಟ್ಟಿಗೆ ನಿಲ್ಲಲಾರವು ಎಂಬುದನ್ನು ಒಪ್ಪಲೇಬೇಕು. ಧ್ವನಿಸಾಮ್ಯವೇ ಸಾಕೆಂಬ ಧೋರಣೆ ಅಲ್ಲಲ್ಲಿ ಕಾಣುತ್ತದೆ. ಆದರೆ ಪ್ರಶ್ನೆ ಕೇಳಿದ ಗೌರವ ಅವರದು. ಪಶುಪಾಲಕ ಜನರನ್ನು ಬಿಟ್ಟು ಕನ್ನಡ ಮರಾಠಿಗಳ ಸಂಸ್ಕೃತಿಚರಿತ್ರೆಯನ್ನು ಬರೆಯಲಾಗದೆಂಬುದನ್ನು ಢೇರೆ, ಸೋಂಥೈಮರರಿಗಿಂತ ಮುಂಚೆಯೇ ಅವರು ಕಂಡಿದ್ದರು.

ಈಗ ಮನ್ನಣೆಯ ವಿಷಯಕ್ಕೆ ಬರೋಣ. ೧೯೭೦ ಮತ್ತು ೧೯೮೭ ಇವೆರಡೂ ಗಡಿಯ ಬಿಸಿ ಆರದ ವರ್ಷಗಳು. ಮಹಾಜನ ಆಯೋಗದ ವರದಿ ೧೯೬೭ರಲ್ಲಿ ಬಂದಿತ್ತು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿದ್ದಿತೆಂಬ ಕವಿರಾಜಮಾರ್ಗದ ಎಲ್ಲೆಯು ಆಗ ಕಾವ್ಯಲಕ್ಷಣ ಗ್ರಂಥದ ಮಾತಾಗಿ ಉಳಿದಿರಲಿಲ್ಲ, ಸಭೆಗಳಲ್ಲಿ ಬೀಸುವ ಧ್ವಜವಾಗಿತ್ತು. ೧೯೮೬ರಲ್ಲಿ ಬೆಳಗಾವಿಯಲ್ಲಿ ಕನ್ನಡದ ಕಡ್ಡಾಯವನ್ನು ವಿರೋಧಿಸಿ ಚಳವಳಿ ನಡೆದು ಗೋಲೀಬಾರಿನವರೆಗೆ ಹೋಯಿತು. ಮರುವರ್ಷ, ಮರಾಠಿಗರ ಕುಲದೈವದ ಮೂಲದಲ್ಲಿ ಕನ್ನಡದ ಅಂಶವಿದೆಯೆನ್ನುವ ಗ್ರಂಥಕ್ಕೆ ಪ್ರಶಸ್ತಿ. ಅಂತಹ ಹೊತ್ತಿನಲ್ಲಿ ಇಂತಹ ಗ್ರಂಥವನ್ನು ಆರಿಸಿದ ತೀರ್ಪುಗಾರರ ಧೈರ್ಯವನ್ನು ಮೆಚ್ಚಬೇಕು. ಮರಾಠಿಗೆ ಇದು ಹೊಸದೂ ಅಲ್ಲ. ೧೯೫೫ರಲ್ಲಿ ಅಕಾಡೆಮಿಯ ಪ್ರಶಸ್ತಿಗಳು ಆರಂಭವಾದಾಗ ಮರಾಠಿಯ ಮೊದಲ ಪ್ರಶಸ್ತಿ ಹೋದುದು ಲಕ್ಷ್ಮಣಶಾಸ್ತ್ರೀ ಜೋಶಿಯವರ 'ವೈದಿಕ ಸಂಸ್ಕೃತೀಚಾ ವಿಕಾಸ' ಎಂಬ ವಿದ್ವತ್ ಗ್ರಂಥಕ್ಕೆ. ಕನ್ನಡದಲ್ಲಿಯೂ ಮುಗಳಿಯವರ ಸಾಹಿತ್ಯ ಚರಿತ್ರೆ (೧೯೫೬), ಕಾರಂತರ 'ಯಕ್ಷಗಾನ ಬಯಲಾಟ' (೧೯೫೯) ಮನ್ನಣೆ ಪಡೆದಿದ್ದವು. ಕಾರಂತರಿಗೆ ಕಾದಂಬರಿಯೊಂದಕ್ಕಲ್ಲದೆ ಒಂದು ಸೀಮೆಯ ಬಯಲು ರಂಗಭೂಮಿಯ ಅಧ್ಯಯನಕ್ಕೆ ಪ್ರಶಸ್ತಿ ಬಂದುದನ್ನು ನಾವು ಎಷ್ಟೋ ಸಲ ಮರೆಯುತ್ತೇವೆ.

ಆದರೆ ತೊಡಕಿರುವುದು ಪ್ರಶಸ್ತಿಯ ರಚನೆಯಲ್ಲಿಯೇ. ಅಕಾಡೆಮಿಯ ತೀರ್ಪು ಭಾಷಾವಾರು ನಡೆಯುತ್ತದೆ. ಮರಾಠಿಯ ಗ್ರಂಥವನ್ನು ಮರಾಠಿಯ ಮೂವರು, ಕನ್ನಡದ ಗ್ರಂಥವನ್ನು ಕನ್ನಡದ ಮೂವರು ಓದುತ್ತಾರೆ. ಕಾದಂಬರಿಗೆ, ಕವನಸಂಕಲನಕ್ಕೆ ಇದು ಸರಿಯಾದ ಕ್ರಮ. ಎರಡು ಭಾಷೆಗಳು ಒಂದರ ಮೇಲೊಂದು ಪದರವಾಗಿ ಕುಳಿತ ನೆಲವನ್ನು ಅಗೆಯುವ ಗ್ರಂಥಕ್ಕೆ ಮಾತ್ರ ಇದು ಅಸಮರ್ಪಕ. ಗ್ರಂಥವು ಕೂಡಿಸಿದ್ದನ್ನು ತೀರ್ಪಿನ ಕ್ರಮವು ನಡುವಿಗೆ ಸೀಳುತ್ತದೆ. ಢೇರೆಯವರ ವಾದದ ಅರ್ಧಭಾಗವನ್ನು ಪರೀಕ್ಷಿಸಬಲ್ಲವರು ಕನ್ನಡ ಶಾಸನಗಳನ್ನೂ ಹಾಲುಮತದ ಪರಂಪರೆಯನ್ನೂ ಬಲ್ಲವರು. ಅವರಿಗೆ ಅಲ್ಲಿ ಸ್ಥಾನವಿಲ್ಲ. ಹೀಗಾಗಿ ಮನ್ನಣೆಯು ಗ್ರಂಥದ ವ್ಯಾಪ್ತಿಗೆ, ಶ್ರಮಕ್ಕೆ, ಶೈಲಿಗೆ ಸಲ್ಲುತ್ತದೆ. ವಾದದ ಸತ್ಯಾಸತ್ಯತೆಯ ಪರೀಕ್ಷೆ ಹಾಗೆಯೇ ಉಳಿಯುತ್ತದೆ. ಹಾರ ಹಾಕಿದ ಮೇಲೆ ಗ್ರಂಥದೊಡನೆ ಜಗಳವಾಡುವುದೂ ಅಸಭ್ಯತೆಯೆನಿಸುತ್ತದೆ. ವಿದ್ವತ್ ಗ್ರಂಥಕ್ಕೆ ಇದಕ್ಕಿಂತ ದೊಡ್ಡ ಹಾನಿಯಿಲ್ಲ.

ನಿಯಮಗಳ ಕುರಿತು ಒಂದು ಮಾತು, ಪ್ರಾಸಂಗಿಕವಾಗಿ. ಧಾರವಾಡದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, ಕೊನೆಗೆ ಪುಣೆಗೆ ಬಂದು, ೧೯೮೭ರ ಡಿಸೆಂಬರಿನಲ್ಲಿ ಇಲ್ಲಿಯೇ ತೀರಿಕೊಂಡ ಮರಾಠಿ ಕಥೆಗಾರ ಜಿ. ಎ. ಕುಲಕರ್ಣಿಯವರಿಗೆ 'ಕಾಜಳಮಾಯಾ' ಸಂಕಲನಕ್ಕಾಗಿ ೧೯೭೩ರ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಪುಸ್ತಕದ ಪ್ರಕಟಣೆಯ ದಿನಾಂಕದ ಬಗ್ಗೆ ಆಕ್ಷೇಪಗಳೆದ್ದಾಗ ಅವರು ಪ್ರಶಸ್ತಿಯನ್ನೇ ಹಿಂದಿರುಗಿಸಿದರು. ಗ್ರಂಥ ಯಾವ ವರ್ಷ ಅಚ್ಚಾಯಿತೆಂಬುದನ್ನು ಇಷ್ಟು ಸೂಕ್ಷ್ಮವಾಗಿ ನೋಡಬಲ್ಲ ವ್ಯವಸ್ಥೆಗೆ, ಅದು ಯಾವ ನೆಲವನ್ನು ಕುರಿತಿದೆ ಎಂಬುದನ್ನು ನೋಡುವ ಕಣ್ಣು ಇಲ್ಲದಿರುವುದು ವಿಚಿತ್ರ.

ಇದಕ್ಕೆ ಬೇರೆ ಮಾದರಿಗಳಿಲ್ಲವೇ? ಪಾಶ್ಚಾತ್ಯ ದೇಶಗಳಲ್ಲಿ ಸ್ಥಳೀಯ ಇತಿಹಾಸದ ಒಂದು ಸಣ್ಣ ಶಾಖೆಯಿದೆ. ಅದರ ವಿಷಯವು ನಮ್ಮ ವಿದ್ವಾಂಸರಿಗೆ ನಗು ತರಿಸಬಹುದು. ಬ್ರಿಟನ್ನಿನಲ್ಲಿ, ಅಮೆರಿಕೆಯಲ್ಲಿ ಒಂದು ಕಾಲಕ್ಕೆ ಇದ್ದು ಇಂದು ಇಲ್ಲವಾಗಿರುವ ಗಾಲ್ಫ್ ಮೈದಾನಗಳನ್ನು ಸೀಮೆ ಸೀಮೆಯಾಗಿ ಹುಡುಕಿ ಬರೆದ ಪುಸ್ತಕಗಳು ಅಲ್ಲಿವೆ. ಯುದ್ಧಕಾಲದಲ್ಲಿ ಉತ್ತು ಆಲೂಗೆಡ್ಡೆ ಬೆಳೆದ ಮೈದಾನ, ಮನೆಗಳೆದ್ದ ಮೈದಾನ, ಮತ್ತೆ ಕುರಿಗಳ ಪಾಲಾದ ಮೈದಾನ. ಹಳೆಯ ನಕ್ಷೆ, ಊರಿನ ಪತ್ರಿಕೆ, ಮುದುಕರ ನೆನಪುಗಳೇ ಆಧಾರ. ಗಾಲ್ಫ್ ಕುರಿತ ಪುಸ್ತಕಗಳಿಗೆಂದು ಆ ಆಟದ ಸಂಸ್ಥೆಗಳು ತಮ್ಮವೇ ಬಹುಮಾನಗಳನ್ನಿರಿಸಿವೆ. ಅಮೆರಿಕೆಯ ಗಾಲ್ಫ್ ಸಂಘದ ಪುಸ್ತಕ ಪ್ರಶಸ್ತಿ ಆರಂಭವಾದುದು ಕಾಕತಾಳೀಯವಾಗಿ ೧೯೮೭ರಲ್ಲಿಯೇ. ಈ ಬಹುಮಾನಗಳಿಗೆ ನಮ್ಮ ಅಕಾಡೆಮಿಯ ಘನತೆಯಿಲ್ಲ. ಆದರೆ ತೀರ್ಪುಗಾರರು ಆ ನೆಲವನ್ನು ಬಲ್ಲವರು. ಎಂಟನೆಯ ಕುಳಿ ಹಳ್ಳದ ಆಚೆಗಿತ್ತೇ ಈಚೆಗಿತ್ತೇ ಎಂದು ಕೇಳಬಲ್ಲವರು. ಬಿಡುವಿನ ಆಟದ ಬಯಲಿಗೆ ದೊರೆಯುವ ಈ ಸೂಕ್ಷ್ಮ ಪರೀಕ್ಷೆಯು, ಒಂದು ಜನಾಂಗವೇ ಬಾಳಿದ ಹುಲ್ಲುಗಾವಲಿನ ಗ್ರಂಥಕ್ಕೆ ನಮ್ಮಲ್ಲಿ ದೊರೆಯಲಿಲ್ಲ.

ಕನ್ನಡದ ಕಡೆಯ ಪ್ರತಿಕ್ರಿಯೆಯೂ ತೃಪ್ತಿಕರವಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಢೇರೆಯವರ ಹೆಸರು ನಮ್ಮ ಭಾಷಣಗಳಲ್ಲಿ ಬರುವುದು ಬಹುತೇಕ ಒಂದೇ ಸಂದರ್ಭದಲ್ಲಿ: 'ವಿಠ್ಠಲ ಕನ್ನಡಿಗನೆಂದು ಮರಾಠಿ ವಿದ್ವಾಂಸರೇ ಒಪ್ಪಿದ್ದಾರೆ' ಎನ್ನಲು. ಇದಕ್ಕೆ ಬೆಂಬಲವಾಗಿ ಜ್ಞಾನೇಶ್ವರರ ಹೆಸರಿನಲ್ಲಿ ಪ್ರಚಲಿತವಾಗಿರುವ ಅಭಂಗವೊಂದನ್ನು ಪ್ರಮಾಣಪತ್ರದಂತೆ ತೋರಿಸುತ್ತೇವೆ. ಅದರಲ್ಲಿ ವಿಠ್ಠಲನನ್ನು 'ಕಾನಡಾ' ಎಂದು ಕರೆದಿದೆ. ಹಳೆಯ ಮರಾಠಿಯಲ್ಲಿ ಆ ಶಬ್ದಕ್ಕೆ 'ತಿಳಿಯಲು ಕಠಿಣವಾದ, ಗೂಢವಾದ' ಎಂಬ ಅರ್ಥವೂ ಇದೆಯೆಂಬುದನ್ನೂ, ಕವಿಯು ಬಹುಶಃ ಎರಡು ಅರ್ಥಗಳನ್ನೂ ಒಟ್ಟಿಗೆ ನುಡಿಸುತ್ತಿದ್ದಾನೆಂಬುದನ್ನೂ ನಾವು ಹೇಳುವುದಿಲ್ಲ. ಢೇರೆಯವರು ವಿಠ್ಠಲನನ್ನು ಒಂದು ರಾಜ್ಯದಿಂದ ಕಿತ್ತು ಇನ್ನೊಂದಕ್ಕೆ ಕೊಟ್ಟವರಲ್ಲ. ಆ ದೈವ ಹುಟ್ಟಿದಾಗ ಆ ಎರಡು ಹೆಸರುಗಳ ರಾಜ್ಯಗಳಿರಲಿಲ್ಲ, ಕುರಿಗಳು ಮೇಯುವ ದಾರಿಗಳಿದ್ದವು ಎಂಬುದು ಅವರ ಗ್ರಂಥದ ತಾತ್ಪರ್ಯ. ಅದನ್ನು ಗಡಿವಾದದ ಕಾಗದವಾಗಿ ಬಳಸುವುದು, ಗ್ರಂಥವನ್ನು ಓದದೆಯೇ ಇರುವುದರ ಇನ್ನೊಂದು ರೀತಿ.

ಓದುವುದೆಂದರೆ ನಮ್ಮ ಸಾಮಗ್ರಿಯನ್ನು ಅದರ ಎದುರಿಗಿಡುವುದು. ಢೇರೆಯವರಲ್ಲಿ ಕನ್ನಡದ ಕಡೆಯ ಸಾಕ್ಷ್ಯವು ಮರಾಠಿಯ ಕಡೆಯ ಸಾಕ್ಷ್ಯದಷ್ಟು ಸಾಂದ್ರವಾಗಿಲ್ಲ. ಅದು ಸಹಜವೂ ಹೌದು. ಅದನ್ನು ತುಂಬುವ ಹೊಣೆ ನಮ್ಮದು. ಒಂದು ಉದಾಹರಣೆಯನ್ನು ಮಾತ್ರ ಇಲ್ಲಿ ಸ್ವಲ್ಪ ವಿಸ್ತರಿಸಬಹುದು. ಪಂಢರಪುರವಿರುವ ಸೊಲ್ಲಾಪುರ ಜಿಲ್ಲೆಯಲ್ಲಿಯೇ ಹನ್ನೆರಡನೆಯ ಶತಮಾನದ ಸೊನ್ನಲಿಗೆಯಿದೆ. ರಾಘವಾಂಕನ 'ಸಿದ್ಧರಾಮಚಾರಿತ್ರ'ದಲ್ಲಿ ಮಲ್ಲಿನಾಥನು ಸಿದ್ಧರಾಮನಿಗೆ ಕಾಣಿಸಿಕೊಳ್ಳುವುದು ಗುಡಿಯಲ್ಲಲ್ಲ, ಬಯಲಿನಲ್ಲಿ. ಹೊಲ ಕಾಯುತ್ತಿರುವ ಮಾತು ಕಡಿಮೆಯ ಬಾಲಕನಿಗೆ. ದೈವವು ಅವನಲ್ಲಿ ಬೇಡುವುದು ಎಳೆಯ ತೆನೆ, ಅನಂತರ ಮಜ್ಜಿಗೆಯನ್ನ. ತಿಂದು ಮಾಯವಾದ ದೈವವನ್ನು ಹುಡುಕುತ್ತ ಬಾಲಕನು ಶ್ರೀಶೈಲಕ್ಕೆ ಹೋಗುತ್ತಾನೆ, ಅಲ್ಲಿಂದ ಮರಳಿ ಬಂದು ಊರಿನಲ್ಲಿಯೇ ಕ್ಷೇತ್ರವನ್ನು ಕಟ್ಟುತ್ತಾನೆ, ಕೆರೆ ತೋಡಿಸುತ್ತಾನೆ. ಕೆರೆ ಇಂದಿಗೂ ಸೊಲ್ಲಾಪುರದ ನಡುವಿನಲ್ಲಿದೆ. ಪುಂಡಲೀಕನ ಕಥೆಯಲ್ಲಿಯೂ ದೈವವು ತಾನಾಗಿ ಭಕ್ತನಿದ್ದಲ್ಲಿಗೆ ಬರುತ್ತದೆ; ಅವನು ತಾಯಿತಂದೆಯರ ಸೇವೆಯಲ್ಲಿದ್ದಾನೆ, ಎಸೆದುಕೊಟ್ಟ ಇಟ್ಟಿಗೆಯ ಮೇಲೆ ದೇವರು ಕಾಯುತ್ತ ನಿಲ್ಲುತ್ತಾನೆ. ಒಂದರಲ್ಲಿ ದೈವ ಬಂದು ಹೋಗುತ್ತದೆ, ಭಕ್ತ ಹಿಂಬಾಲಿಸುತ್ತಾನೆ. ಇನ್ನೊಂದರಲ್ಲಿ ದೈವ ಬಂದು ನಿಂತೇಬಿಡುತ್ತದೆ. ಎರಡರಲ್ಲಿಯೂ ಕ್ಷೇತ್ರವು ಹುಟ್ಟುವುದು ಕೆಲಸದಲ್ಲಿರುವವನ ಎದುರಿಗೆ. ಕೇವಲ ಕೆಲವು ಹರದಾರಿಗಳ ಅಂತರದಲ್ಲಿರುವ ಎರಡು ಊರುಗಳ ಈ ಸ್ಥಳಕಥೆಗಳನ್ನು ಒಟ್ಟಿಗೆ ಓದಿದರೆ, ಶೈವವಾಗಿ ಬೆಳೆದ ಎಡೆ, ವೈಷ್ಣವವಾಗಿ ಬೆಳೆದ ಎಡೆ ಎಂಬ ಭೇದದ ಹಿಂದಿರುವ ಸಮಾನ ರಚನೆಯು ಕಾಣುತ್ತದೆ. ರಾಘವಾಂಕನು ಈ ದೃಷ್ಟಿಯಿಂದ 'ಶ್ರೀವಿಠ್ಠಲ'ಕ್ಕೆ ಅತ್ಯಂತ ಸಮೀಪದ ಸಾಕ್ಷಿ.

ಮಂಗಳವೇಡೆಯನ್ನು ನೋಡಿ. ಅದೇ ಜಿಲ್ಲೆಯ ಈ ಊರು ನಮ್ಮ ಶಾಸನ ಕಾವ್ಯಗಳಲ್ಲಿ ಮಂಗಳವಾಡ. ಕಲಚುರಿಗಳ ನೆಲೆ, ಬಸವಣ್ಣನವರು ಕಲ್ಯಾಣಕ್ಕೆ ಮೊದಲು ಬಿಜ್ಜಳನ ಬಳಿಯಿದ್ದರೆಂದು ಹೇಳುವ ಸ್ಥಳ. ಮರಾಠಿಗರಿಗೆ ಅದು ಚೋಖಾಮೇಳಾ, ದಾಮಾಜಿ, ಕಾನ್ಹೋಪಾತ್ರೆಯರ ಊರು. ಒಂದೇ ಊರಿಗೆ ಎರಡು ಸ್ಮೃತಿಗಳು, ಒಂದನ್ನೊಂದು ಅರಿಯದೆ ಇವೆ. ಬಸವಣ್ಣನವರ ನೆನಪಿನ ಊರಿನಲ್ಲಿಯೇ ಒಂದೂವರೆ ಶತಮಾನದ ಅನಂತರ ಮಹಾರ ಜಾತಿಯ ಸಂತನೊಬ್ಬನು ಗುಡಿಯ ಹೊರಗೆ ನಿಂತು ಹಾಡಬೇಕಾಯಿತು ಎಂಬ ಸಂಗತಿಯು ಎರಡೂ ಸಾಹಿತ್ಯಗಳ ಚರಿತ್ರೆಕಾರರನ್ನು ಕಾಡಬೇಕಾದ ಸಂಗತಿ. ಪುರಂದರದಾಸರು ಪುಣೆಯ ಬಳಿಯ ಪುರಂದರಗಡದವರೇ, ಮಲೆನಾಡಿನವರೇ ಎಂದು ಚರ್ಚಿಸಲು ನಾವು ವ್ಯಯಿಸಿದ ಶಕ್ತಿಯ ಕಾಲುಭಾಗವನ್ನು ಮಂಗಳವಾಡಕ್ಕೆ ಕೊಟ್ಟಿದ್ದರೆ ಲಾಭವಾಗುತ್ತಿತ್ತು.

ಪ್ರಶಸ್ತಿಯ ಅನಂತರದ ಕಥೆಯನ್ನು ಇಷ್ಟರಲ್ಲಿ ಹೇಳಬಹುದು. ಕನ್ನಡಿಗರು ಶಂ. ಬಾ. ಜೋಶಿಯವರನ್ನು ೧೯೮೧ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿದರು. ಢೇರೆಯವರು ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಲಿಲ್ಲ. ಅವರ ಮಗಳು, ಕವಯಿತ್ರಿ ಅರುಣಾ ಢೇರೆ ೨೦೧೯ರಲ್ಲಿ ಯವತಮಾಳದಲ್ಲಿ ಆ ಪೀಠದಲ್ಲಿ ಕುಳಿತರು. 'ಶ್ರೀವಿಠ್ಠಲ'ವು ಆನ್ ಫೆಲ್ಡ್‌ಹಾಸ್ ಅವರಿಂದ ಇಂಗ್ಲಿಷಿಗೆ ಅನುವಾದಗೊಂಡು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ೨೦೧೧ರಲ್ಲಿ ಹೊರಬಂದಿತು. ಸೋಂಥೈಮರ್ ಅವರ ಜರ್ಮನ್ ಗ್ರಂಥವನ್ನು ೧೯೮೯ರಲ್ಲಿ ಇಂಗ್ಲಿಷಿಗೆ ತಂದವರೂ ಅವರೇ. ಪ್ರಶಸ್ತಿಗೂ ಈ ಅನುವಾದಕ್ಕೂ ನಡುವೆ ಇಪ್ಪತ್ನಾಲ್ಕು ವರ್ಷಗಳು. ಇಂದು ಪಶುಪಾಲಕ ದೈವಗಳ ಮೇಲೆ ಕೆಲಸ ಮಾಡುವ ಕನ್ನಡ ವಿದ್ಯಾರ್ಥಿಯು ಢೇರೆಯವರನ್ನು ಉದ್ಧರಿಸುವಾಗ ಕೈಗೆತ್ತಿಕೊಳ್ಳುವುದು ಸಾಮಾನ್ಯವಾಗಿ ಈ ಇಂಗ್ಲಿಷ್ ಪುಸ್ತಕವನ್ನೇ. ಪುಣೆಯಿಂದ ವಿಜಾಪುರಕ್ಕೆ ಬರಬೇಕಾದ ಗ್ರಂಥವು ನ್ಯೂಯಾರ್ಕನ್ನು ಸುತ್ತಿ ಬರುತ್ತಿದೆ.

ಸುತ್ತಿ ಬರುವಾಗ ಹೆಸರೂ ಬದಲಾಗಿದೆ. ಇಂಗ್ಲಿಷ್ ಅನುವಾದದ ಶೀರ್ಷಿಕೆಯಲ್ಲಿ 'ಮಹಾಸಮನ್ವಯ'ವಿಲ್ಲ; ಜನಪದ ದೈವವೊಂದರ ಏಳಿಗೆ ಎಂಬ ಅರ್ಥದ ಮಾತಿದೆ. ಏಳಿಗೆಯೆಂದರೆ ಕೆಳಗಿನಿಂದ ಮೇಲಕ್ಕೆ ಹೋದ ಕಥೆ; ಸಮನ್ವಯವೆಂದರೆ ಹಲವು ಬಂದು ಕೂಡಿದ ಕಥೆ. ಢೇರೆಯವರ ಗ್ರಂಥದಲ್ಲಿ ಎರಡೂ ಇವೆ, ಅವುಗಳ ನಡುವೆ ಪೂರ್ತಿ ಪರಿಹಾರವಾಗದ ಒಂದು ಎಳೆದಾಟವೂ ಇದೆ. ದೈವವು ಮೇಲೇರಿದಾಗ ಕುರಿಗಾಹಿಗಳು ಅದರೊಡನೆ ಮೇಲೇರಿದರೇ, ಹೊರಗುಳಿದರೇ? ಸಮನ್ವಯವೆಂಬ ಶಬ್ದವು ಈ ಪ್ರಶ್ನೆಯನ್ನು ಮೃದುಗೊಳಿಸುತ್ತದೆ. ಪಟ್ಟಣಕೊಡೋಲಿಯಲ್ಲಿ ಬೀರಪ್ಪ ಇನ್ನೂ ವಿಠ್ಠಲನ ಪಕ್ಕದಲ್ಲಿದ್ದಾನೆ, ಪಂಢರಪುರದಲ್ಲಿ ಅವನಿಲ್ಲ. ಯಾವ ಶತಮಾನದಲ್ಲಿ, ಯಾರ ಕೈಯಿಂದ ಅವನು ಅಲ್ಲಿಂದ ಸರಿದನು ಎಂಬುದಕ್ಕೆ ಹದಿಮೂರನೆಯ ಶತಮಾನದ ಆ ಮೂರು ಹೆಸರುಗಳ ನಡುವಣ ಮೂವತ್ತಮೂರು ವರ್ಷಗಳಲ್ಲಿ ಉತ್ತರವಿರಬಹುದೆಂದು ಪ್ರಸ್ತುತ ಲೇಖಕನಿಗೆ ತೋರುತ್ತದೆ. ಯಾದವರ ಕಾಲದ ಕನ್ನಡ ಶಾಸನಗಳಲ್ಲಿ ಬೀರಪ್ಪನ ಹೆಸರಿನ ದತ್ತಿಗಳನ್ನು, ವಿಶೇಷವಾಗಿ ಭೀಮೆಯ ಬಲದಂಡೆಯವನ್ನು, ಕ್ರಮವಾಗಿ ಪಟ್ಟಿ ಮಾಡುವುದರಿಂದ ಈ ಕೆಲಸವನ್ನು ಆರಂಭಿಸಬಹುದು.